ಸಂಕರದ ಹೂ: ಕುಂಡದ ಕಾರ್ನೇಷನ್ ಹುಟ್ಟುವ ಬಗೆ



'ಸಂಕರ' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಮೂರು ಮನೆಗಳಿವೆ. ಮೊದಲನೆಯದು ಧರ್ಮಶಾಸ್ತ್ರದ ಮನೆ. ಅಲ್ಲಿ ಅದು ಭಯದ ಮಾತು. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನ ಯುದ್ಧ ಬೇಡವೆನ್ನುವುದಕ್ಕೆ ಕೊಡುವ ಕಾರಣಗಳಲ್ಲಿ, ಕುಲ ಅಳಿದು ವರ್ಣಸಂಕರವಾದೀತೆಂಬುದೂ ಒಂದು. ಎರಡನೆಯದು ಕಾವ್ಯಶಾಸ್ತ್ರದ ಮನೆ. ಅಲ್ಲಿ ಅದು ಚೆಲುವಿನ ಮಾತು. ಒಂದು ಪದ್ಯದಲ್ಲಿ ಎರಡು ಅಲಂಕಾರಗಳು ಹಾಲು ನೀರು ಬೆರೆತ ಹಾಗೆ ಬೆರೆತು ಬಿಡಿಸಲು ಬಾರದಂತಾದರೆ ಅದನ್ನು ಆಲಂಕಾರಿಕರು ಸಂಕರವೆಂದು ಕರೆದರು; ಎಳ್ಳೂ ಅಕ್ಕಿಯೂ ಕೂಡಿದ ಹಾಗೆ ಒಂದೆಡೆ ಇದ್ದೂ ಬೇರೆ ಬೇರೆಯಾಗಿ ಕಾಣುವಂತಿದ್ದರೆ ಸಂಸೃಷ್ಟಿ ಎಂದರು. ಮೂರನೆಯದು ಬೇಸಾಯದ ಮನೆ. ಅಲ್ಲಿ ಅದು ಭರವಸೆಯ ಮಾತು. ಸಂಕರ ತಳಿ ಎಂದು ಚೀಲದ ಮೇಲೆ ಅಚ್ಚಾಗಿದ್ದರೆ ರೈತ ಎರಡು ಕಾಸು ಹೆಚ್ಚು ಕೊಟ್ಟೇ ಬೀಜವನ್ನು ಒಯ್ಯುತ್ತಾನೆ.

ಒಂದೇ ಮಾತು ಒಂದು ಮನೆಯಲ್ಲಿ ಪಾಪವಾಗಿ, ಇನ್ನೊಂದರಲ್ಲಿ ಅಲಂಕಾರವಾಗಿ, ಮತ್ತೊಂದರಲ್ಲಿ ಲಾಭವಾಗಿ ಬಾಳುವುದು ಹೇಗೆ? ಈ ಪ್ರಶ್ನೆಯನ್ನು ಒಂದು ಹೂವಿನ ಮುಂದಿಟ್ಟು ನೋಡೋಣವೆಂದು ನನ್ನ ಆಸೆ. ಆ ಹೂವಿನ ಹೆಸರು ಕಾರ್ನೇಷನ್. ನೀಲಗಿರಿಯ ಕಡೆಯಿಂದಲೂ ಬೆಂಗಳೂರಿನ ಸುತ್ತಿನ ಪಾಲಿಹೌಸುಗಳಿಂದಲೂ ಬಂದು, ಸಭೆ ಸಮಾರಂಭಗಳ ಹೂಗುಚ್ಛಗಳಲ್ಲಿ ಗುಲಾಬಿಯ ಪಕ್ಕದಲ್ಲಿ ನಿಲ್ಲುವ, ಅಂಚು ಕತ್ತರಿಸಿದ ಕಾಗದದಂತೆ ಹಲ್ಲುಹಲ್ಲಾಗಿರುವ ದಳಗಳ ಆ ಹೂವನ್ನು ಪಟ್ಟಣದವರೆಲ್ಲ ಬಲ್ಲರು. ಅದರ ಉದ್ದ ಕಾಂಡವನ್ನು ಕುಗ್ಗಿಸಿ, ಒಂದು ಗೇಣಿನ ಗಿಡವಾಗಿಸಿ, ಕಿಟಕಿಯ ಮೇಲಿನ ಪುಟ್ಟ ಕುಂಡದಲ್ಲಿ ಹೂ ಬಿಡುವಂತೆ ಮಾಡುವ ಹೊಸ ತಳಿಯೊಂದು ಹೇಗೆ ಹುಟ್ಟುತ್ತದೆ ಎಂಬುದೇ ಇಂದಿನ ವಿಷಯ.

ಈ ಹೂವಿನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡು. ಗ್ರೀಕರು ಇದರ ಬಳಗದ ಹೂವನ್ನು 'ದೇವರ ಹೂ' ಎಂಬರ್ಥದ ಹೆಸರಿನಿಂದ ಕರೆದರು. 'ಡಯಾಂಥಸ್' ಎಂಬ ಈಗಿನ ಶಾಸ್ತ್ರೀಯ ನಾಮ ಅದರಿಂದಲೇ ಬಂದದ್ದು. 1753ರಲ್ಲಿ ಲಿನೇಯಸ್ ಇದಕ್ಕೆ ಡಯಾಂಥಸ್ ಕ್ಯಾರಿಯೋಫಿಲಸ್ ಎಂದು ನಾಮಕರಣ ಮಾಡಿದ. ಹೆಸರಿನ ಎರಡನೆಯ ಭಾಗ ಲವಂಗವನ್ನು ನೆನಪಿಸುವಂಥದು. ಹಳೆಯ ತಳಿಗಳ ಹೂವನ್ನು ಮೂಸಿದವರಿಗೆ ಆ ಹೆಸರಿನ ಕಾರಣ ತಾನಾಗಿ ತಿಳಿಯುತ್ತದೆ: ಅದರ ಪರಿಮಳ ಲವಂಗದ ಪರಿಮಳ. ಮೂಲದ ಕಾಡುಹೂವಿಗೆ ಇರುವುದು ಐದೇ ದಳ. ಬೂದಿ ಬಳಿದಂತಿರುವ ಸಪೂರ ಎಲೆ, ಊದಿಕೊಂಡ ಗೆಣ್ಣು, ಗೆಣ್ಣಿಗೆ ಎದುರುಬದುರಾಗಿ ಎರಡು ಎಲೆ, ಇಷ್ಟೇ ಅದರ ಸಂಸಾರ. ಇಂದಿನ ದಟ್ಟದಳದ ಕಾರ್ನೇಷನ್ನು ಆ ಬಡ ಹೂವಿನ ವಂಶದ್ದೆಂದರೆ ನಂಬುವುದು ಕಷ್ಟ.

ಸಾಹಿತ್ಯದ ಓದುಗರು ಈ ಹೂವನ್ನು ಮೊದಲು ಕಂಡಿರುವುದು ತೋಟದಲ್ಲಿ ಇರಲಾರದು, ನಾಟಕದಲ್ಲಿರಬೇಕು. ಷೇಕ್ಸ್‌ಪಿಯರನ 'ದ ವಿಂಟರ್ಸ್ ಟೇಲ್' 1611ರಲ್ಲಿ ರಂಗದ ಮೇಲಿತ್ತು. ಅದರ ನಾಲ್ಕನೆಯ ಅಂಕದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಹಬ್ಬ ನಡೆಯುತ್ತಿದೆ. ಕುರುಬರ ಮನೆಯಲ್ಲಿ ಬೆಳೆದ ಪರ್ಡಿಟಾ ಬಂದವರಿಗೆಲ್ಲ ಹೂ ಹಂಚುತ್ತಾಳೆ. ಆ ಋತುವಿಗೆ ಒಪ್ಪುವ ಚೆಲುವಾದ ಹೂಗಳೆಂದರೆ ಕಾರ್ನೇಷನ್ನೂ ಅದರ ಗೆರೆಗೆರೆಯ ಬಂಧುವೂ ಎಂದು ಅವಳೇ ಒಪ್ಪುತ್ತಾಳೆ. ಆದರೆ ಅವು ತನ್ನ ತೋಟದಲ್ಲಿಲ್ಲ, ಇರುವುದೂ ಬೇಡ ಎನ್ನುತ್ತಾಳೆ. ಆ ಗೆರೆಗಳಲ್ಲಿ ಪ್ರಕೃತಿಯ ಜೊತೆಗೆ ಮನುಷ್ಯನ ಕೈಯೂ ಸೇರಿದೆ, ಆದ್ದರಿಂದ ಜನ ಅವನ್ನು ಪ್ರಕೃತಿಯ ಅಕ್ರಮ ಸಂತಾನ ಎನ್ನುತ್ತಾರೆ ಎಂಬುದು ಅವಳ ಆಕ್ಷೇಪ. ವೇಷ ಮರೆಸಿಕೊಂಡು ಅಲ್ಲಿಗೆ ಬಂದಿರುವ ಬೊಹೀಮಿಯದ ರಾಜ ಪಾಲಿಕ್ಸೆನಿಸ್ ಅವಳಿಗೆ ಸಮಾಧಾನ ಹೇಳುತ್ತಾನೆ: ಒರಟು ಗಿಡಕ್ಕೆ ಮೇಲುಜಾತಿಯ ಕುಡಿಯನ್ನು ಕಸಿಮಾಡುವ ಕಲೆ ಪ್ರಕೃತಿಯನ್ನು ತಿದ್ದುವುದು ನಿಜ, ಆದರೆ ಆ ಕಲೆಯೂ ಪ್ರಕೃತಿ ಕೊಟ್ಟದ್ದೇ. ಪರ್ಡಿಟಾ ವಾದವನ್ನು ಒಪ್ಪುತ್ತಾಳೆ, ಆದರೂ ಒಂದು ಕುಡಿಯನ್ನೂ ನೆಡಲು ಒಪ್ಪುವುದಿಲ್ಲ.

ಇದರಲ್ಲಿ ಅಡಗಿರುವ ವಿಡಂಬನೆಯನ್ನು ನಾಟಕ ಮುಂದೆ ಬಿಚ್ಚುತ್ತದೆ. ಗಿಡಗಳ ವಿಷಯದಲ್ಲಿ ಅಷ್ಟು ಉದಾರನಾಗಿದ್ದ ರಾಜ, ತನ್ನ ಮಗ ಈ ಕುರುಬರ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದಾನೆಂದು ಕಂಡೊಡನೆ ಉರಿದೇಳುತ್ತಾನೆ. ಮಗನಿಗೆ ರಾಜ್ಯ ತಪ್ಪಿಸುವ ಮಾತಾಡುತ್ತಾನೆ. ಹುಡುಗಿಯ ಮುಖದ ಚೆಲುವನ್ನೇ ಕೆಡಿಸುವ ಬೆದರಿಕೆ ಹಾಕುತ್ತಾನೆ. ಅತ್ತ, ಸಂಕರದ ಹೂ ಬೇಡವೆಂದ ಹುಡುಗಿ ರಾಜಕುಮಾರನ ಕೈಹಿಡಿಯಲು ಸಿದ್ಧಳಾಗಿಯೇ ಇದ್ದಾಳೆ. ಅವಳು ನಿಜವಾಗಿ ರಾಜಪುತ್ರಿಯೆಂಬುದು ಕೊನೆಗೆ ಹೊರಬೀಳುವುದರಿಂದ ಎಲ್ಲರ ಮಾನವೂ ಉಳಿಯಿತೆನ್ನಿ. ಆದರೆ ತೋಟದಲ್ಲಿ ಒಪ್ಪಿದ್ದನ್ನು ಮನೆಯಲ್ಲಿ ಒಪ್ಪದ ಆ ರಾಜನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಷೇಕ್ಸ್‌ಪಿಯರನ ಕಾಲದ ತೋಟಗಾರರಿಗೆ ಕಸಿ ಗೊತ್ತಿತ್ತು, ಗಿಡಗಳಲ್ಲಿ ಗಂಡು ಹೆಣ್ಣೆಂಬುದು ಇದೆಯೆಂದು ಖಚಿತವಾಗಿ ಗೊತ್ತಿರಲಿಲ್ಲ. ಜರ್ಮನಿಯ ಕಮೆರಾರಿಯಸ್ 1694ರಲ್ಲಿ ಪ್ರಯೋಗಗಳ ಆಧಾರದಿಂದ ಅದನ್ನು ತೋರಿಸಿಕೊಟ್ಟ. ಆಮೇಲೆ ಕಾಲು ಶತಮಾನ ಕಳೆಯುವ ಮುನ್ನವೇ, ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿ ಸಸಿಗಳನ್ನು ಬೆಳೆಸಿ ಮಾರುತ್ತಿದ್ದ ಥಾಮಸ್ ಫೇರ್‌ಚೈಲ್ಡ್, ಸ್ವೀಟ್ ವಿಲಿಯಂ ಎಂಬ ಗೊಂಚಲು ಹೂವಿನ ಪರಾಗವನ್ನು ಕಾರ್ನೇಷನ್ನಿಗೆ ಸೋಕಿಸಿದ. ಎರಡೂ ಡಯಾಂಥಸ್ ಬಳಗದವೇ, ಆದರೆ ಬೇರೆ ಬೇರೆ ಜಾತಿ. ಹುಟ್ಟಿದ ಗಿಡ ಎರಡನ್ನೂ ಹೋಲುತ್ತಿತ್ತು, ಎರಡೂ ಆಗಿರಲಿಲ್ಲ. 1717ರ ಹೊತ್ತಿಗೆ ಅದರ ಸುದ್ದಿ ಅಚ್ಚಾಯಿತು. ಮನುಷ್ಯ ತಿಳಿದೂ ತಿಳಿದೂ ಎರಡು ಜಾತಿಗಳನ್ನು ಕೂಡಿಸಿ ಪಡೆದ ಮೊದಲ ಸಂಕರ ಸಸ್ಯವೆಂದು ಚರಿತ್ರೆ ಎಣಿಸುವುದು ಇದನ್ನೇ. ಅದು ಬೀಜ ಕಟ್ಟಲಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿ ಮರಿಹಾಕದ ಹೇಸರಗತ್ತೆಯನ್ನು ನೆನೆದು ಜನ ಅದನ್ನು 'ಫೇರ್‌ಚೈಲ್ಡನ ಹೇಸರಗತ್ತೆ' ಎಂದು ಕರೆದರು. ಆದರೂ ಕುಡಿ ಕತ್ತರಿಸಿ ನೆಟ್ಟು ನೆಟ್ಟು ತೋಟಗಾರರು ಅದನ್ನು ನೂರು ವರ್ಷಕ್ಕೂ ಮೀರಿ ಉಳಿಸಿಕೊಂಡರು.

ಫೇರ್‌ಚೈಲ್ಡ್ 1729ರಲ್ಲಿ ತೀರಿಕೊಂಡ. ತನ್ನ ಉಯಿಲಿನಲ್ಲಿ ಆತ ಷೋರ್‌ಡಿಚ್ಚಿನ ಚರ್ಚಿಗೆ 25 ಪೌಂಡು ಬಿಟ್ಟುಹೋಗಿದ್ದ. ಪ್ರತಿ ವರ್ಷವೂ ಒಂದು ದಿನ, ಸೃಷ್ಟಿಯಲ್ಲಿ ಕಾಣುವ ದೇವರ ಅದ್ಭುತ ಕಾರ್ಯಗಳನ್ನು ಕುರಿತು ಅಲ್ಲಿ ಉಪದೇಶ ನಡೆಯಬೇಕೆಂಬುದು ಅದರ ಷರತ್ತು. ದೇವರು ಬೇರ್ಪಡಿಸಿದ್ದನ್ನು ಕೂಡಿಸಿದೆನೆಂಬ ಅಳುಕು ಆತನ ಮನಸ್ಸಿನಲ್ಲಿತ್ತೆಂದು ಮುಂದಿನವರು ಊಹಿಸಿದ್ದಾರೆ. ಊಹೆ ಹೇಗೇ ಇರಲಿ, ಪರ್ಡಿಟಾಳ ಸಂಕೋಚ ಮತ್ತು ಪಾಲಿಕ್ಸೆನಿಸನ ವಾದ ಎರಡೂ ಒಬ್ಬನೇ ತೋಟಗಾರನ ಬಾಳಿನಲ್ಲಿ ಸೇರಿದ್ದಂತೆ ಕಾಣುತ್ತದೆ.

ಅಲ್ಲಿಂದ ಮುಂದೆ ಈ ಹೂವಿನ ಪ್ರಯಾಣ ಬಿರುಸಾಯಿತು. ಹಳೆಯ ತಳಿಗಳು ವರ್ಷಕ್ಕೊಂದು ಬಾರಿ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಲಿಯಾನ್ ನಗರದ ತೋಟಗಾರರು ವರ್ಷವಿಡೀ ಹೂ ಬಿಡುವ ತಳಿಗಳನ್ನು ಪಡೆದರು. ಅವು ಅಮೆರಿಕಕ್ಕೆ ಹೋಗಿ ಗಾಜಿನ ಮನೆಗಳಲ್ಲಿ ಬೆಳೆದವು. ಅಲ್ಲಿ 1938ರ ಸುಮಾರಿಗೆ ವಿಲಿಯಂ ಸಿಮ್ ಎಂಬಾತ ಪಡೆದ ಕೆಂಪು ಕಾರ್ನೇಷನ್ನು ಆತನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅದರ ಗಿಡಗಳಲ್ಲಿ ಆಗಾಗ ಒಂದೊಂದು ರೆಂಬೆ ತನ್ನಷ್ಟಕ್ಕೆ ಬಿಳಿಯನ್ನೋ ನಸುಗೆಂಪನ್ನೋ ಗೆರೆಗಳನ್ನೋ ತಾಳಿ ಹೂ ಬಿಡುತ್ತಿತ್ತು. ಆ ರೆಂಬೆಯನ್ನು ಕತ್ತರಿಸಿ ನೆಟ್ಟರೆ ಅದೇ ಹೊಸ ತಳಿ. ಹೀಗೆ ಒಂದು ಕೆಂಪು ಗಿಡದಿಂದ ಬಹುವರ್ಣದ ದೊಡ್ಡ ಮನೆತನವೇ ಹರಡಿ, ದಶಕಗಳ ಕಾಲ ಲೋಕದ ಹೂಪೇಟೆಯನ್ನು ಆಳಿತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಮಾಂಟೆಗ್ಯು ಆಲ್‌ವುಡ್, ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ, ಹಳ್ಳಿತೋಟಗಳ ಗಿಡ್ಡ 'ಪಿಂಕ್' ಹೂವನ್ನೂ ವರ್ಷವಿಡೀ ಅರಳುವ ಕಾರ್ನೇಷನ್ನನ್ನೂ ಕೂಡಿಸಿ ಹೊಸದೊಂದು ಬಳಗವನ್ನೇ ನಿಲ್ಲಿಸಿದ. ಗಿಡ್ಡತನವನ್ನು ಬಂಧುಜಾತಿಯಿಂದ ಎರವಲು ತರಬಹುದೆಂಬ ಪಾಠ ಅಲ್ಲಿತ್ತು.

ಇನ್ನು ಕುಂಡದ ವಿಷಯ. ಉದ್ದ ಕಾಂಡದ ಹೂ ಇರುವಾಗ ಕುಂಡದ ಗಿಡವೇಕೆ ಬೇಕಾಯಿತು? ಇದರ ಹಿಂದೆ ತಾಯಿಯ ನೆನಪಿನ ಕಥೆಯೊಂದಿದೆ. 1908ರ ಮೇ ತಿಂಗಳಲ್ಲಿ ಅಮೆರಿಕದ ವೆಸ್ಟ್ ವರ್ಜಿನಿಯದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ತನ್ನ ತಾಯಿಯ ನೆನಪಿಗೆಂದು ಆನಾ ಜಾರ್ವಿಸ್ ನಡೆಸಿದ ಪ್ರಾರ್ಥನೆಗೆ 500 ಬಿಳಿಯ ಕಾರ್ನೇಷನ್‌ಗಳು ಹೋದವು. ಅದು ಆ ತಾಯಿಗೆ ಮೆಚ್ಚಿನ ಹೂವಾಗಿತ್ತು. 1914ರಲ್ಲಿ ಅಧ್ಯಕ್ಷ ವಿಲ್ಸನ್ ಮೇ ತಿಂಗಳ ಎರಡನೆಯ ಭಾನುವಾರವನ್ನು ತಾಯಂದಿರ ದಿನವೆಂದು ಸಾರಿದ. ಹೂವಿನ ವ್ಯಾಪಾರ ಬೆಳೆದದ್ದನ್ನು ಕಂಡು ನೊಂದ ಆನಾ ಜಾರ್ವಿಸ್ ಮುಂದೆ ತನ್ನ ಬಾಳನ್ನೆಲ್ಲ ಆ ವ್ಯಾಪಾರದ ವಿರುದ್ಧ ಹೋರಾಡುವುದರಲ್ಲಿ ಕಳೆದಳು. ಪದ್ಧತಿ ಮಾತ್ರ ಕಡಲು ದಾಟಿ ಜಪಾನಿಗೆ ಹೋಯಿತು. ಕತ್ತರಿಸಿದ ಹೂ ಕೆಲವು ದಿನಗಳಲ್ಲಿ ಬಾಡುತ್ತದೆ. ತಾಯಿಗೆ ಕೊಟ್ಟದ್ದು ಅವಳ ಮನೆಯಲ್ಲಿ ಕೆಲವು ವಾರವಾದರೂ ಬಾಳಲಿ ಎಂಬ ಆಸೆಯಿಂದ ಅಲ್ಲಿ ಬೇರಿನ ಸಮೇತ ಗಿಡವನ್ನೇ ಕೊಡುವ ರೂಢಿ ಬೆಳೆಯಿತು. ಕುಂಡದ ಕಾರ್ನೇಷನ್ನಿಗೆ ಇಂದು ಇರುವ ಬೇಡಿಕೆಯ ಬಹುಪಾಲು ಈ ಒಂದು ಭಾನುವಾರದ ಸುತ್ತ ಹೆಣೆದುಕೊಂಡಿದೆ.

ಕುಂಡಕ್ಕೆ ಬೇಕಾದ ಗುಣಗಳು ಹೂಗುಚ್ಛಕ್ಕೆ ಬೇಕಾದ ಗುಣಗಳಿಗೆ ತದ್ವಿರುದ್ಧ. ಹೂಗುಚ್ಛದವನಿಗೆ ಎರಡು ಮೊಳದ ನೆಟ್ಟನೆಯ ಕಾಂಡ ಬೇಕು. ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ ಒಂದೇ ಹೂವನ್ನು ದೊಡ್ಡದು ಮಾಡುತ್ತಾನೆ. ಗಿಡ ಬೀಳದಂತೆ ಬಲೆ ಕಟ್ಟುತ್ತಾನೆ. ಕುಂಡದವನಿಗೆ ಗೆಣ್ಣುಗಳು ಒತ್ತೊತ್ತಾಗಿರಬೇಕು, ಬುಡದಿಂದಲೇ ಕವಲೊಡೆದು ಗಿಡ ದುಂಡಗೆ ತುಂಬಿಕೊಳ್ಳಬೇಕು, ಊರುಗೋಲಿಲ್ಲದೆ ನಿಲ್ಲಬೇಕು, ಹಲವು ಹೂಗಳು ಸುಮಾರು ಒಂದೇ ಹೊತ್ತಿಗೆ ಅರಳಬೇಕು, ಅದೂ ನಿಗದಿಯಾದ ವಾರದಲ್ಲಿ. ಕೈಯಗಲದ ಕುಂಡದ ಮಣ್ಣಿನಲ್ಲಿ ಬೇರು ಉಸಿರಾಡಬೇಕು. ತೋಟದ ಬಿಸಿಲಿನಿಂದ ಮನೆಯೊಳಗಿನ ಮಬ್ಬಿಗೆ ತಂದಾಗ ಉಳಿದ ಮೊಗ್ಗುಗಳು ಮುನಿಸಿಕೊಳ್ಳದೆ ಅರಳಬೇಕು. ಎತ್ತರದ ತಳಿಗೆ ಬೆಳವಣಿಗೆ ತಡೆಯುವ ರಾಸಾಯನಿಕವನ್ನು ಸಿಂಪಡಿಸಿ ಗಿಡ್ಡವಾಗಿಸುವ ಉಪಾಯವೂ ಉಂಟು. ಆದರೆ ಅದು ಪ್ರತಿ ಗಿಡಕ್ಕೂ ಪ್ರತಿ ಸಲವೂ ಮಾಡಬೇಕಾದ ಕೆಲಸ. ಗಿಡ್ಡತನ ರಕ್ತದಲ್ಲೇ ಇರುವ ತಳಿ ಸಿಕ್ಕರೆ ಆ ಖರ್ಚೂ ವಿಷವೂ ಉಳಿಯುತ್ತವೆ. ತಳಿಗಾರನ ಗುರಿ ಅದೇ.

ಆತ ಕೆಲಸಕ್ಕೆ ತೊಡಗುವ ಬಗೆಯನ್ನು ನೋಡೋಣ. ಮೊದಲು ತಂದೆ ತಾಯಿಗಳ ಆಯ್ಕೆ. ಗಿಡ್ಡವಾಗಿ ಕವಲೊಡೆಯುವ, ಆದರೆ ಹೂ ಸಾಧಾರಣವಾದ ಒಂದು ಗಿಡ. ಬಣ್ಣವೂ ಪರಿಮಳವೂ ಚೆನ್ನಾಗಿದ್ದು ಎತ್ತರವಾಗಿ ಬೆಳೆಯುವ ಇನ್ನೊಂದು ಗಿಡ. ಸಾದಾ ಕಾರ್ನೇಷನ್ ಹೂವಿನಲ್ಲಿ ಹತ್ತು ಕೇಸರಗಳಿರುತ್ತವೆ. ನಡುವೆ ಅಂಡಾಶಯ, ಅದರ ತುದಿಯಲ್ಲಿ ಎರಡು ಎಳೆಗಳಂತಿರುವ ಶಲಾಕೆ. ಈ ಹೂವಿನಲ್ಲಿ ಗಂಡುಭಾಗ ಮೊದಲು ಮಾಗಿ ಪರಾಗವನ್ನು ಉದುರಿಸಿಬಿಡುತ್ತದೆ, ಹೆಣ್ಣುಭಾಗ ಆಮೇಲೆ ಸಿದ್ಧವಾಗುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂದು ಪ್ರಕೃತಿ ಮಾಡಿಕೊಂಡಿರುವ ಏರ್ಪಾಡು ಇದು. ತಳಿಗಾರ ತಾಯಿಯಾಗಬೇಕಾದ ಮೊಗ್ಗನ್ನು ಅರಳುವ ಮುನ್ನವೇ ಬಿಡಿಸಿ, ದಳಗಳನ್ನು ಕಿತ್ತು, ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಸುತ್ತು ಹೂಗಳಲ್ಲಿ ಇದು ತಾಳ್ಮೆಯ ಕೆಲಸ, ಏಕೆಂದರೆ ಅಲ್ಲಿ ಅನೇಕ ಕೇಸರಗಳು ದಳಗಳಾಗಿ ಮಾರ್ಪಟ್ಟಿರುತ್ತವೆ. ಉಳಿದವು ದಳಗಳ ಮಡಿಕೆಯಲ್ಲಿ ಅಡಗಿರುತ್ತವೆ.

ಕೆಲವು ದಿನ ಕಳೆದ ಮೇಲೆ ಶಲಾಕೆಯ ಎಳೆಗಳು ಉದ್ದವಾಗಿ, ತುದಿ ಬಾಗಿ, ಮೈಮೇಲೆ ನವಿರಾದ ರೋಮ ತೋರುತ್ತವೆ. ಅದೇ ಮುಹೂರ್ತ. ತಂದೆಯ ಹೂವಿನ ಪರಾಗವನ್ನು ಸಣ್ಣ ಕುಂಚದಿಂದ ಅಲ್ಲಿಗೆ ಸೋಕಿಸಿ, ಚೀಟಿ ಕಟ್ಟುತ್ತಾನೆ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ಆಮೇಲೆ ಗುಣಾಕಾರದ ಚಿಹ್ನೆ, ಆಮೇಲೆ ತಂದೆಯ ಹೆಸರು, ತಾರೀಕು. ನಮ್ಮ ಲಗ್ನಪತ್ರಿಕೆಗಳು ಈ ಕ್ರಮವನ್ನು ಕಲಿಯಲು ಇನ್ನೂ ಕಾಲವಿದೆ.

ದಳಗಳಿರುವ ಹೂವಿಗೆ ಪರಾಗ ತಾಗಿದರೆ ಒಂದೆರಡು ದಿನಗಳಲ್ಲಿ ದಳಗಳು ಒಳಮುಖವಾಗಿ ಸುರುಳಿ ಸುತ್ತಿಕೊಂಡು ಬಾಡುತ್ತವೆ. ಪರಾಗ ಬಂದ ಸುದ್ದಿ ತಿಳಿದೊಡನೆ ಹೂ ಎಥಿಲೀನ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ; ಆ ಅನಿಲವೇ ದಳಗಳಿಗೆ ಮರಣಶಾಸನ. ದಳಗಳ ಕೆಲಸ ಕರೆಯುವುದು. ಕರೆದವರು ಬಂದಾದ ಮೇಲೆ ಬಾಗಿಲಲ್ಲಿ ನಿಂತಿರುವ ಅಗತ್ಯವಿಲ್ಲ. ಮಾಗುವ ಹಣ್ಣುಗಳಿಂದಲೂ ಇದೇ ಅನಿಲ ಹೊರಡುತ್ತದೆ. ಆದ್ದರಿಂದ ಕಾರ್ನೇಷನ್ ಕುಂಡವನ್ನು ಬಾಳೆಹಣ್ಣಿನ ಚಿಪ್ಪಿನ ಪಕ್ಕದಲ್ಲಿ ಇಟ್ಟರೆ ಹೂಗಳು ಬೇಗನೆ ನಿದ್ದೆಹೋಗುತ್ತವೆ. ಇದನ್ನರಿತ ಜಪಾನಿನ ಸಂಶೋಧಕರು 1992ರಿಂದ ತಲೆಮಾರಿನಿಂದ ತಲೆಮಾರಿಗೆ ಬಾಳಿಕೆಯೊಂದನ್ನೇ ಗುರಿಯಾಗಿಟ್ಟು ಕೂಡಿಸುತ್ತ, ಆರಿಸುತ್ತ ಹೋದರು. ಫಲವಾಗಿ ಬಂದ 'ಮಿರಾಕಲ್ ರೂಜ್', 'ಮಿರಾಕಲ್ ಸಿಂಫನಿ' ಎಂಬ ತಳಿಗಳ ಹೂಗಳು ಹಳೆಯ ತಳಿಗಳ ಮೂರರಷ್ಟು ಕಾಲ ಬಾಡದೆ ನಿಲ್ಲುತ್ತವೆ. ಯಾವ ಔಷಧವೂ ಇಲ್ಲದೆ, ಬರಿಯ ಸಂಕರ ಮತ್ತು ಆಯ್ಕೆಯಿಂದ ಇದು ಸಾಧ್ಯವಾಯಿತು.

ಕೂಡಿಸಿದ ಹೂವಿನ ಅಂಡಾಶಯ ಊದಿಕೊಂಡು, ಕೆಲವು ವಾರಗಳಲ್ಲಿ ಒಣಗಿ ಕಂದಾಗುತ್ತದೆ. ಒಳಗೆ ಚಪ್ಪಟೆಯಾದ ಕರಿಯ ಬೀಜಗಳು. ಬಿತ್ತಿದರೆ ಒಂದು ವಾರ ಹತ್ತು ದಿನಗಳಲ್ಲಿ ಮೊಳೆಯುತ್ತವೆ. ಹೂ ಕಾಣಲು ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಆಗ ಕಾಣುವ ನೋಟ ವಿಚಿತ್ರವಾದದ್ದು. ಒಂದೇ ಕಾಯಿಯ ಬೀಜಗಳಿಂದ ಹುಟ್ಟಿದ ಒಡಹುಟ್ಟುಗಳಲ್ಲಿ ಒಂದರಂತೆ ಒಂದಿಲ್ಲ. ಒಂದು ಎತ್ತರ, ಒಂದು ಗಿಡ್ಡ. ಒಂದು ಕೆಂಪು, ಒಂದು ಬಿಳಿ. ಒಂದಕ್ಕೆ ಪರಿಮಳ, ಇನ್ನೊಂದಕ್ಕೆ ಏನೂ ಇಲ್ಲ.

ಇಲ್ಲಿ ನಮ್ಮ ಆಲಂಕಾರಿಕರ ಎರಡು ಮಾತುಗಳು ನೆರವಿಗೆ ಬರುತ್ತವೆ. ತಂದೆ ತಾಯಿಗಳ ಗುಣಗಳು ಮಕ್ಕಳಲ್ಲಿ ಹಾಲು ನೀರಿನಂತೆ ಬೆರೆತುಹೋಗುತ್ತವೆಂದು ಹತ್ತೊಂಬತ್ತನೆಯ ಶತಮಾನದ ಅನೇಕ ಪಂಡಿತರು ನಂಬಿದ್ದರು. ಬ್ರುನ್ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆದ ಮೆಂಡೆಲ್, 1866ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ ಬೇರೆಯದನ್ನೇ ತೋರಿಸಿದ. ಗುಣಗಳನ್ನು ಹೊರುವ ಕಣಗಳು ಎಳ್ಳು ಅಕ್ಕಿಯಂತೆ ಕೂಡಿರುತ್ತವೆ. ಒಂದು ತಲೆಮಾರಿನಲ್ಲಿ ಒಂದು ಇನ್ನೊಂದರ ಮರೆಯಲ್ಲಿ ಕಾಣದಿದ್ದರೂ, ಮುಂದಿನ ತಲೆಮಾರಿನಲ್ಲಿ ಬೇರ್ಪಟ್ಟು ಮತ್ತೆ ತಲೆಯೆತ್ತುತ್ತದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನಾವು ಸಂಕರವೆಂದು ಕರೆಯುವುದು ನಿಜಕ್ಕೂ ಸಂಸೃಷ್ಟಿ. ಬೆರೆತದ್ದರಿಂದ ಯಾವುದೂ ಕರಗಿ ಹಾಳಾಗುವುದಿಲ್ಲ, ಕಾಯ್ದಿರುತ್ತದೆ, ಅಷ್ಟೆ.

ಇದಕ್ಕೆ ಕಾರ್ನೇಷನ್ನಿನ ಸುತ್ತುಗಳೇ ಒಳ್ಳೆಯ ನಿದರ್ಶನ. ಏಳುಸುತ್ತಿನ ಮಲ್ಲಿಗೆಯನ್ನು ಬಲ್ಲ ನಮಗೆ ಸುತ್ತು ಎಂದರೆ ವಿವರಣೆ ಬೇಡ. ಕೇಂಬ್ರಿಜ್ಜಿನ ಎಡಿತ್ ಸಾಂಡರ್ಸ್ ಎಂಬ ವಿದುಷಿ ಸುತ್ತು ಹೂಗಳ ಆನುವಂಶಿಕತೆಯನ್ನು ಕುರಿತು 1917ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಬಳಗವೂ ಸೇರಿತ್ತು. ಐದೇ ದಳದ ಒಂಟಿಸುತ್ತಿನ ಹೂ ಒಂದು ಬಗೆ. ದಳಗಳು ವಿಪರೀತವಾಗಿ, ಹೊರಗಿನ ಹಸಿರು ಬಟ್ಟಲೇ ಸೀಳಿ, ಆಕಾರ ಕೆಡುವ ಅತಿಸುತ್ತಿನ ಹೂ ಇನ್ನೊಂದು ಬಗೆ. ಇವೆರಡೂ ಶುದ್ಧ ತಳಿಗಳು; ತಮ್ಮಂಥವನ್ನೇ ಹಡೆಯುತ್ತವೆ. ಇವೆರಡನ್ನು ಕೂಡಿಸಿದರೆ ಮಕ್ಕಳೆಲ್ಲ ಹದವಾದ ಸುತ್ತಿನ, ನಾವು ಅಂಗಡಿಯಲ್ಲಿ ಕಂಡು ಮೆಚ್ಚುವ ಕಾರ್ನೇಷನ್‌ಗಳು. ಆ ಮೆಚ್ಚಿನ ಹೂವನ್ನು ಮತ್ತೊಂದು ಮೆಚ್ಚಿನ ಹೂವಿನೊಡನೆ ಕೂಡಿಸಿ 100 ಸಸಿ ಬೆಳೆದರೆ, ಸುಮಾರು 25 ಒಂಟಿಸುತ್ತಿನವು, 25 ಅತಿಸುತ್ತಿನವು, 50 ಮಾತ್ರ ನಮಗೆ ಬೇಕಾದ ಹದದವು. ಎಷ್ಟು ತಲೆಮಾರು ಬೆಳೆದರೂ ಈ ಲೆಕ್ಕ ತಪ್ಪದು. ಎಂದರೆ, ನಾವು ಚೆಲುವೆಂದು ಒಪ್ಪಿದ ಈ ಹೂವನ್ನು ಶುದ್ಧ ತಳಿಯಾಗಿಸಲು ಸಾಧ್ಯವೇ ಇಲ್ಲ. ಎರಡು ಬೇರೆ ಕಣಗಳು ಕೂಡಿ ಇರುವವರೆಗೆ ಮಾತ್ರ ಅದಕ್ಕೆ ಆ ರೂಪ. ಶುದ್ಧಗೊಳಿಸಿದರೆ ಒಂದೋ ಬಡವಾಗುತ್ತದೆ, ಇಲ್ಲವೇ ಒಡೆಯುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಗುಣವನ್ನು ಸ್ಥಿರಗೊಳಿಸಬೇಕೆಂದು ಕಾರ್ನೇಷನ್ನಿಗೆ ಅದರದೇ ಪರಾಗವನ್ನು ತಲೆಮಾರಿನಿಂದ ತಲೆಮಾರಿಗೆ ಕೊಡುತ್ತ ಹೋದರೆ ಸಂತತಿ ಸೊರಗುತ್ತದೆ. ಬಂಧುಗಳ ನಡುವೆಯೇ ಸುತ್ತಿದ ರಕ್ತಕ್ಕೆ ಹೊರಗಿನ ಬೆರಕೆ ಬೇಕಾಗುತ್ತದೆ. ಬೇರುಕೊಳೆ, ಸೊರಗು ರೋಗಗಳ ವಿರುದ್ಧ ಹೋರಾಡಲು ತಳಿಗಾರರು ಎಷ್ಟೋ ಬಾರಿ ತೋಟದ ಕುಲೀನ ತಳಿಗಳನ್ನು ಬಿಟ್ಟು, ಯಾರೂ ಕಣ್ಣೆತ್ತಿ ನೋಡದ ಕಾಡು ಡಯಾಂಥಸ್‌ಗಳ ಬಳಿಗೆ ಹೋಗಿದ್ದಾರೆ. ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವನ್ನು ತಡೆಯುವ ಜಪಾನಿನ 'ಕರೆನ್ ರೂಜ್' ತಳಿಗೆ ಆ ಶಕ್ತಿ ಬಂದದ್ದು ಅಂಥದೊಂದು ಕಾಡುಬಂಧುವಿನಿಂದಲೇ.

ಬಣ್ಣದ ವಿಷಯದಲ್ಲಿ ಮಾತ್ರ ಬಂಧುಗಳೂ ಕೈಬಿಟ್ಟರು. ಕಾರ್ನೇಷನ್ನಿನಲ್ಲಿ ಬಿಳಿ, ಹಳದಿ, ಕೆಂಪು, ಕಿತ್ತಳೆ, ನೇರಳೆಗೆಂಪು ಎಲ್ಲ ಉಂಟು, ನೀಲಿಯಿಲ್ಲ. ನೀಲಿಯ ಕಡೆಗೆ ಒಯ್ಯುವ ವರ್ಣದ್ರವ್ಯವನ್ನು ತಯಾರಿಸುವ ಜೀನೇ ಅದರಲ್ಲಿಲ್ಲ. ಇಲ್ಲದ್ದನ್ನು ಯಾವ ಕೂಡಿಕೆಯೂ ಕೊಡಲಾರದು. 1990ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಒಂದು ಸಂಸ್ಥೆ, ಜಪಾನಿನ ಸಂಸ್ಥೆಯೊಂದರ ಜೊತೆಗೂಡಿ, ಪೆಟೂನಿಯ ಹೂವಿನ ಜೀನನ್ನು ಕಾರ್ನೇಷನ್ನಿಗೆ ಸೇರಿಸಿತು. ಹೀಗೆ ಬಂದ 'ಮೂನ್‌ಡಸ್ಟ್' ತಳಿಯ ಬಣ್ಣ ನೀಲಿಗಿಂತ ನಸುನೇರಳೆಗೇ ಹತ್ತಿರ. 2014ರಲ್ಲಿ ಜಪಾನಿನ ವಿಜ್ಞಾನಿಗಳು 'ಫ್ರಾನ್ಸೆಸ್ಕೊ' ಎಂಬ ತಳಿಯ ಪೂರ್ಣ ಜೀನೋಮನ್ನು ಓದಿ ಪ್ರಕಟಿಸಿದರು. ಇದರಿಂದ ಈಗ ಮೊಳಕೆಯ ಎಲೆಯೊಂದನ್ನು ಪರೀಕ್ಷಿಸಿ, ಹೂ ಬಿಡುವ ಮುನ್ನವೇ ಕೆಲವು ಗುಣಗಳನ್ನು ಊಹಿಸುವ ದಾರಿ ಅಗಲವಾಗುತ್ತಿದೆ.

ಆದರೂ ಕೊನೆಯ ತೀರ್ಪು ಕಣ್ಣಿನದೇ. ಹೂ ಬಿಟ್ಟ ಸಸಿಗಳ ಸಾಲುಗಳ ನಡುವೆ ತಳಿಗಾರ ನಡೆಯುತ್ತಾನೆ. ಎತ್ತರವಾದದ್ದನ್ನು ಕೀಳುತ್ತಾನೆ, ಬಟ್ಟಲು ಸೀಳಿದ್ದನ್ನು ಕೀಳುತ್ತಾನೆ, ಬಾಗಿದ್ದನ್ನು, ರೋಗ ತಗುಲಿದ್ದನ್ನು ಕೀಳುತ್ತಾನೆ. ಚೆಲುವಾಗಿದ್ದೂ ಹಳೆಯ ತಳಿಗಿಂತ ಬೇರೆಯಾಗಿ ಕಾಣದ್ದನ್ನೂ ಕೀಳುತ್ತಾನೆ. ನೂರಾರು, ಸಾವಿರಾರು ಗಿಡಗಳು ಹೋಗಿ ಬೆರಳೆಣಿಕೆಯಷ್ಟು ಉಳಿಯುತ್ತವೆ. ಅವುಗಳ ಎಳೆಯ ಕುಡಿಗಳನ್ನು ಕತ್ತರಿಸಿ ತೇವದ ಮರಳಿನಲ್ಲೋ ನಾರಿನ ಮಣ್ಣಿನಲ್ಲೋ ನೆಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಆ ಕುಡಿಯಿಂದ ಗಿಡ, ಗಿಡದಿಂದ ಮತ್ತೆ ಕುಡಿ, ಹೀಗೆ ಹಲವು ಸುತ್ತು ಬೆಳೆಸಿ, ಗುಣ ಬದಲಾಗದೆಂದು ಖಚಿತಪಡಿಸಿಕೊಳ್ಳುತ್ತಾನೆ. ಬೇರೆ ಊರಿನ ಹವೆಯಲ್ಲಿ, ಬೇರೆ ಋತುವಿನಲ್ಲಿ ಬೆಳೆಸಿ ನೋಡುತ್ತಾನೆ. ಕುಡಿಯ ಮೂಲಕ ವೈರಸ್‌ಗಳು ಹರಡುವುದರಿಂದ, ಕುಡಿಯ ತುದಿಯ ಸೂಜಿಮೊನೆಯಷ್ಟು ಭಾಗವನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿ ರೋಗಮುಕ್ತ ತಾಯಿಗಿಡವನ್ನು ಪಡೆಯುತ್ತಾನೆ. ಇಷ್ಟರಲ್ಲಿ ಐದಾರು ವರ್ಷ ಕಳೆದಿರುತ್ತದೆ. ಬಳಿಕ ಪೇಟೆಯಲ್ಲಿ ಒಂದೇ ಹೆಸರಿನ ಲಕ್ಷಾಂತರ ಕುಂಡಗಳು ಬಂದರೂ ಅವೆಲ್ಲ ಒಂದು ಬೀಜದಿಂದ ಹುಟ್ಟಿದ ಒಂದೇ ಗಿಡದ ಹಲವು ದೇಹಗಳು.

ಹೊಸ ತಳಿಗೆ ಕಾನೂನಿನ ಮಾನ್ಯತೆಯೂ ಉಂಟು. ಅಮೆರಿಕ 1930ರಲ್ಲೇ ಕುಡಿಯಿಂದ ಬೆಳೆಸುವ ಸಸ್ಯಗಳಿಗೆ ಪೇಟೆಂಟ್ ಕೊಡುವ ಕಾಯಿದೆ ಮಾಡಿತು. 1961ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ಒಪ್ಪಂದವಾಯಿತು. ಭಾರತದ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರದು. ಎಲ್ಲೆಡೆಯೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ತಿಳಿದಿರುವ ಇತರ ತಳಿಗಳಿಂದ ಇದು ಭಿನ್ನವೇ? ಗಿಡದಿಂದ ಗಿಡಕ್ಕೆ ಏಕರೂಪವಾಗಿದೆಯೇ? ತಲೆಮಾರಿನಿಂದ ತಲೆಮಾರಿಗೆ ಸ್ಥಿರವಾಗಿದೆಯೇ? ಬಣ್ಣವನ್ನು ಕವಿಗಳಂತೆ ಹವಳ, ದಾಳಿಂಬೆ, ಸಂಜೆಗೆಂಪು ಎಂದು ಬಣ್ಣಿಸಿದರೆ ಅಲ್ಲಿ ನಡೆಯದು; ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿಯನ್ನು ದಳದ ಪಕ್ಕದಲ್ಲಿಟ್ಟು ಅಂಕೆ ಬರೆಯಬೇಕು. ಒಂದು ವಿಷಯವನ್ನು ಮಾತ್ರ ಯಾವ ಕಾಯಿದೆಯೂ ಕೇಳುವುದಿಲ್ಲ: ಈ ಗಿಡದ ರಕ್ತ ಶುದ್ಧವೇ ಎಂದು.

ಇದು ದೂರದೇಶದ ಹೂವಿನ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ. ಸಿ. ಫಾರಂನಲ್ಲಿ ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಹೆಸರಿನಲ್ಲೇ ಎರಡು ನಾಡುಗಳ ನಂಟು ಬರೆದಿದೆ. ಧಾರವಾಡದಲ್ಲಿ ಬಿ. ಎಚ್. ಕತರಕಿಯವರು ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ 1972ರಲ್ಲಿ ಕೊಟ್ಟ 'ವರಲಕ್ಷ್ಮಿ'ಯನ್ನು ಉಟ್ಟವರೆಷ್ಟೋ ಮಂದಿ. ಆ ಮುದ್ದೆಯನ್ನು ಉಣ್ಣುವಾಗ, ಆ ಬಟ್ಟೆಯನ್ನು ಉಡುವಾಗ ನಾವು ಯಾರೂ ಸಂಕರಕ್ಕೆ ಹೆದರಲಿಲ್ಲ. ಹೊಲದಲ್ಲಿ ಹರಸಿದ ಅದೇ ಮಾತನ್ನು ಹೊಸಿಲು ದಾಟಿದೊಡನೆ ಶಾಪವಾಗಿಸುತ್ತೇವೆ. ಜಾತಿ ಮೀರಿ ಕೈಹಿಡಿದ ಮಕ್ಕಳನ್ನು ಹೆತ್ತವರೇ ದೂರ ತಳ್ಳುವ, ಕೊಲ್ಲುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ನಿಂತಿಲ್ಲ. ಪಾಲಿಕ್ಸೆನಿಸ್ ಬೊಹೀಮಿಯದಲ್ಲಿ ಮಾತ್ರ ಇದ್ದವನಲ್ಲ.

ಗಿಡಗಳ ನಿಯಮವನ್ನು ಮನುಷ್ಯರಿಗೆ ನೇರವಾಗಿ ಹೊಂದಿಸಬಾರದೆಂಬ ಎಚ್ಚರ ನನಗಿದೆ. ಮನುಷ್ಯರು ಯಾರೂ ತಳಿಗಳಲ್ಲ; ನಾವೆಲ್ಲರೂ ಒಂದೇ ಜಾತಿಯವರು, ನಮ್ಮನ್ನು ಆರಿಸಿ ಕೀಳುವ ಅಧಿಕಾರ ಯಾವ ತೋಟಗಾರನಿಗೂ ಇಲ್ಲ. ಹಾಗೆ ಕೀಳಹೊರಟವರು ಇಪ್ಪತ್ತನೆಯ ಶತಮಾನದಲ್ಲಿ ಎಂಥ ಘೋರ ಮಾಡಿದರೆಂಬುದನ್ನು ಲೋಕ ಕಂಡಿದೆ. ನಾನು ಹೇಳಹೊರಟದ್ದು ಇಷ್ಟೇ: ಶುದ್ಧಿಯೆಂಬುದು ಪ್ರಕೃತಿಯ ಆಜ್ಞೆಯೆಂದು ಯಾರಾದರೂ ವಾದಿಸಿದರೆ, ಪ್ರಕೃತಿಯ ಸಾಕ್ಷ್ಯ ಅವರ ಪರವಾಗಿಲ್ಲ. ಕುಂಡದಲ್ಲಿ ಹದವಾಗಿ ಅರಳಿದ ಕಾರ್ನೇಷನ್ನು ಆ ಸಾಕ್ಷ್ಯವನ್ನು ತನ್ನ ಪ್ರತಿ ಕಣದಲ್ಲೂ ಹೊತ್ತಿದೆ.

ನಿಮ್ಮಲ್ಲಿ ಯಾರಾದರೂ ಇಂಥ ಕುಂಡವೊಂದನ್ನು ಮನೆಗೆ ತಂದರೆ, ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ, ತಂಪಾದ ಜಾಗದಲ್ಲಿ ಇಡಿ. ಮೇಲುಮಣ್ಣು ಒಣಗಿದ ಮೇಲೆ ನೀರುಣಿಸಿ. ಬುಡದಲ್ಲಿ ನೀರು ನಿಲ್ಲಗೊಡಬೇಡಿ. ಬಾಡಿದ ಹೂವನ್ನು ಆಗಾಗ ತೆಗೆಯಿರಿ. ಹಣ್ಣಿನ ಬುಟ್ಟಿಯಿಂದ ದೂರವಿರಿಸಿ. ಚಳಿಗಾಲದಲ್ಲಿ ಹೂವಿಲ್ಲದ ಒಂದು ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಮರಳಿನಲ್ಲಿ ನೆಟ್ಟರೆ, ಅದೃಷ್ಟವಿದ್ದರೆ, ಯುಗಾದಿಯ ಹೊತ್ತಿಗೆ ನೆರೆಮನೆಯವರಿಗೆ ಕೊಡಲು ಒಂದು ಗಿಡವಾದೀತು.